ದಡಕ್ಕೂ ಅಳಿವೆಗೂ ಒಂದೇ ಗಾಳದ ರೀಲು

(ಬೆಂಗಳೂರಿನ ವಿಜಯನಗರದಲ್ಲಿ ಕರಾವಳಿ ಮೂಲದ ರೈತ ಕುಟುಂಬಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಸಮುದ್ರದಿಂದ ಸುಮಾರು 350 ಕಿಲೋಮೀಟರು ದೂರದ ವಿಜಯನಗರದಲ್ಲಿ ಕುಳಿತು ಕಡಲ ಗಾಳದ ಮಾತೇಕೆ ಎಂದು ಕೆಲವರಿಗೆ ನಗು ಬರಬಹುದು. ಆದರೆ ಇಲ್ಲಿ ಸೇರಿರುವ ಅನೇಕರ ಗದ್ದೆ, ತೆಂಗಿನ ತೋಟ ಇರುವುದು ಕುಂದಾಪುರ, ಅಂಕೋಲಾ ಕಡೆಯ ಹೊಳೆ ಬದಿಯಲ್ಲಿ. ಹೋಟೆಲು, ಅಂಗಡಿ, ನೌಕರಿ ಇಲ್ಲಿ, ಬೇಸಾಯ ಅಲ್ಲಿ. ಊರಿನಿಂದ ತಮ್ಮನೋ ಅಳಿಯನೋ ಫೋನು ಮಾಡಿ, "ಅಣ್ಣಾ, ಬರುವಾಗ ಒಂದು ಒಳ್ಳೆ ರೀಲು ತನ್ನಿ" ಎನ್ನುತ್ತಾನೆ. ತೊಡಕು ಅಲ್ಲಿಂದಲೇ ಶುರುವಾಗುತ್ತದೆ. ಸಾಧಾರಣ ಒಳ್ಳೆಯ ರೀಲಿಗೆ ಒಂದೆರಡು ಕ್ವಿಂಟಲ್ ಭತ್ತದ ಬೆಲೆ ಕೊಡಬೇಕು. ಅಷ್ಟು ಹಣ ಹಾಕಿ ತಪ್ಪು ವಸ್ತು ತಂದರೆ ಅದು ಅಟ್ಟದ ಮೇಲೆ ಕೂರುತ್ತದೆ.

ಇದು ನಮ್ಮ ಪತ್ರಿಕೆಗೆ ಹೊರಗಿನ ವಿಷಯವೂ ಅಲ್ಲ. 1969ರಲ್ಲಿ ಮಂಗಳೂರಿನ ಮೀನುಗಾರಿಕಾ ಕಾಲೇಜು ಆರಂಭವಾದದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಅಂಗವಾಗಿಯೇ.

ಮೊದಲು ರೀಲಿನ ಕೆಲಸವನ್ನು ತಿಳಿಯೋಣ. ನಾನು ಹೇಳುತ್ತಿರುವುದು ಸ್ಪಿನ್ನಿಂಗ್ ರೀಲಿನ ವಿಷಯ. ಕೋಲನ್ನು ಬೀಸಿದಾಗ ಇದರ ಸ್ಪೂಲು ತಿರುಗುವುದಿಲ್ಲ. ನಿಂತ ಸ್ಪೂಲಿನ ತುದಿಯಿಂದ ದಾರ ಸುರುಳಿ ಸುರುಳಿಯಾಗಿ ಕಳಚಿಕೊಂಡು ಹೋಗುತ್ತದೆ. ನೇಕಾರರ ಕಂಡಿಕೆಯಿಂದ ನೂಲು ಬಿಚ್ಚುವುದನ್ನು ಕಂಡವರಿಗೆ ಇದು ಹೊಸದಲ್ಲ. ಇಂಗ್ಲೆಂಡಿನಲ್ಲಿ ಇಂಥ ರೀಲಿಗೆ 1905ರಲ್ಲಿ ಪೇಟೆಂಟ್ ಪಡೆದ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಕೂಡ ಬಟ್ಟೆ ಗಿರಣಿಯ ಮನುಷ್ಯನೇ. ದಾರ ತೊಡಕಾಗದೆ ಹೋಗುವುದರಿಂದ ಹೊಸಬರಿಗೂ ಇದು ಬೇಗ ಕೈಗೆ ಹತ್ತುತ್ತದೆ.

ಇನ್ನು ಗಾತ್ರ. ರೀಲಿನ ಮೇಲೆ 1000, 2500, 4000, 8000 ಎಂದು ಸಂಖ್ಯೆ ಇರುತ್ತದೆ. 2500ರ ರೀಲು ಹಗುರ, ಹೊಳೆಗೆ ಚೆಂದ; ಆದರೆ ದಪ್ಪ ದಾರ ಹೆಚ್ಚು ಹಿಡಿಯುವುದಿಲ್ಲ. 8000ದ್ದು ದಾರವನ್ನೇನೋ ಧಾರಾಳವಾಗಿ ಹಿಡಿಯುತ್ತದೆ, ಆದರೆ ಅದನ್ನು ಹಿಡಿದು ಒಂದು ಗಂಟೆ ಬೀಸಿದರೆ ತೋಳು ಸೋಲುತ್ತದೆ. ದಡಕ್ಕೂ ಅಳಿವೆಗೂ ಒಂದೇ ರೀಲು ಬೇಕೆನ್ನುವವರಿಗೆ 4000 ಅಥವಾ 5000 ತಕ್ಕದ್ದು. 0.30 ಮಿಲಿಮೀಟರು ನೈಲಾನ್ ದಾರ ಅದರಲ್ಲಿ ಸುಮಾರು 180 ಮೀಟರು ಹಿಡಿದರೆ ಸಾಕು. ಎಲ್ಲ ತಯಾರಕರ 4000 ಒಂದೇ ಅಳತೆಯದಲ್ಲ. ಆದ್ದರಿಂದ ಸಂಖ್ಯೆಯನ್ನು ನಂಬದೆ, ಎಷ್ಟು ದಪ್ಪದ ದಾರ ಎಷ್ಟು ಮೀಟರು ಹಿಡಿಯುತ್ತದೆ ಎಂದು ಸ್ಪೂಲಿನ ಮೇಲೋ ಪೆಟ್ಟಿಗೆಯ ಮೇಲೋ ಬರೆದಿರುವುದನ್ನು ಓದಿ. ಬಹಳ ದೂರ ಎಸೆಯಬೇಕೆಂಬ ಹಟವೂ ಬೇಡ. ಕಾಣೆ ಮೀನು ಎಷ್ಟೋ ವೇಳೆ ಮರಳು ದಿಬ್ಬದ ಈಚೆಯ ತಗ್ಗಿನಲ್ಲೇ ಮೇಯುತ್ತಿರುತ್ತದೆ. ನಾವು ಅದರ ತಲೆಯ ಮೇಲಿಂದ ಆಚೆಗೆ ಎಸೆದು ಕಾಯುತ್ತಿರುತ್ತೇವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಡ್ರ್ಯಾಗ್. ಹೋರಿಯ ಹಗ್ಗವನ್ನು ಬಲ್ಲವರು ಯಾರೂ ಅಂಗೈಗೆ ಸುತ್ತಿಕೊಳ್ಳುವುದಿಲ್ಲ. ಅದು ಜಗ್ಗಿದಾಗ ಬಿಗಿ ಹಿಡಿದೇ ಸ್ವಲ್ಪ ಬಿಡುತ್ತಾರೆ, ನಿಂತಾಗ ಎಳೆದುಕೊಳ್ಳುತ್ತಾರೆ. ರೀಲಿನಲ್ಲಿ ಈ ಕೆಲಸ ಮಾಡುವುದು ಡ್ರ್ಯಾಗ್. ದೊಡ್ಡ ಕೊಕ್ಕರ್ ಮೀನು ಓಡಿದಾಗ ದಾರ ತುಂಡಾಗುವ ಮೊದಲೇ ಸ್ಪೂಲು ಜಾರಿ ದಾರ ಬಿಟ್ಟುಕೊಡಬೇಕು. ಪೆಟ್ಟಿಗೆಯ ಮೇಲೆ "10 ಕಿಲೋ ಡ್ರ್ಯಾಗ್" ಎಂದು ಅಚ್ಚಾಗಿದ್ದರೆ ಮರುಳಾಗಬೇಡಿ. 9 ಕಿಲೋ ತಡೆಯುವ ದಾರಕ್ಕೆ ಡ್ರ್ಯಾಗ್ ಅನ್ನು ಅದರ ಕಾಲುಭಾಗದಿಂದ ಮೂರನೆಯ ಒಂದು ಭಾಗಕ್ಕೆ, ಅಂದರೆ ಎರಡೂಕಾಲರಿಂದ ಮೂರು ಕಿಲೋಗೆ ಇಡಬೇಕು. ಮನೆಯಲ್ಲಿ ಸ್ಪ್ರಿಂಗ್ ತಕ್ಕಡಿ ಇದ್ದರೆ ದಾರದ ತುದಿಗೆ ಸಿಕ್ಕಿಸಿ ಎಳೆದು ನೋಡಿ. ಅಂಗಡಿಯಲ್ಲಿ ಪರೀಕ್ಷೆ ಇನ್ನೂ ಸುಲಭ: ಡ್ರ್ಯಾಗ್ ಸಡಿಲಿಸಿ ಸ್ಪೂಲನ್ನು ಬೆರಳಿನಿಂದ ತಿರುಗಿಸಿ, ಸ್ವಲ್ಪ ಬಿಗಿ ಮಾಡಿ ಮತ್ತೆ ತಿರುಗಿಸಿ. ಒಂದೇ ಸಮನೆ ಜಾರಬೇಕು. ತಡೆತಡೆದು ಜಗ್ಗಿದಂತೆ ತಿರುಗಿದರೆ ಆ ರೀಲನ್ನು ಅಲ್ಲಿಯೇ ಬಿಡಿ, ಬೆಲೆ ಎಷ್ಟೇ ಕಡಿಮೆಯಿರಲಿ.

ಬೇರಿಂಗುಗಳ ಲೆಕ್ಕವೂ ಹಾಗೆಯೇ. ಹನ್ನೆರಡು ಅಗ್ಗದ ಬೇರಿಂಗಿಗಿಂತ ತುಕ್ಕು ತಡೆಯುವ ನಾಲ್ಕೈದು ಮೇಲು. ಹಿಡಿಕೆಯನ್ನು ಅಲುಗಾಡಿಸಿ ನೋಡಿ, ಪಕ್ಕಕ್ಕೆ ಆಟವಿರಬಾರದು. ಗ್ರಾಫೈಟ್ ಮೈ ತುಕ್ಕು ಹಿಡಿಯುವುದಿಲ್ಲ, ಆದರೆ ಭಾರ ಬಿದ್ದಾಗ ಸ್ವಲ್ಪ ಬಾಗುತ್ತದೆ. ಅಲ್ಯೂಮಿನಿಯಂ ಗಟ್ಟಿ, ಆದರೆ ಬಣ್ಣ ಎದ್ದ ಕಡೆ ಉಪ್ಪು ತಿನ್ನುತ್ತದೆ. ಸ್ಪೂಲು ಮಾತ್ರ ಅಲ್ಯೂಮಿನಿಯಂದೇ ಇರಲಿ. ಹೆಣೆದ ದಾರ ಹಾಕುವವರು ತಳದಲ್ಲಿ ಹತ್ತಿಪ್ಪತ್ತು ಸುತ್ತು ನೈಲಾನ್ ಸುತ್ತಬೇಕು. ಇಲ್ಲವಾದರೆ ಲೋಹದ ಮೇಲೆ ಇಡೀ ದಾರವೇ ಜಾರಿ ತಿರುಗುತ್ತದೆ. ಅಂಚಿಗೆ ಎರಡು ಮಿಲಿಮೀಟರು ಬಿಟ್ಟು ತುಂಬಿದರೆ ಸಾಕು.

ಉಪ್ಪಿನ ಮಾತು ಬಂದದ್ದರಿಂದ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಒಂದು ದೀಪಾವಳಿಗೆ ಊರಿಗೆ ಹೋದವನು ರೀಲನ್ನು ತೊಳೆಯದೆ ಹಾಗೆಯೇ ಚೀಲಕ್ಕೆ ಹಾಕಿ ಇಲ್ಲಿಗೆ ತಂದು ಕಪಾಟಿನಲ್ಲಿಟ್ಟೆ. ಶಿವರಾತ್ರಿಗೆ ತೆಗೆದರೆ ಹಿಡಿಕೆಯೇನೋ ತಿರುಗಿತು. ಆದರೆ ದಾರ ಹಾಯುವ ಪುಟ್ಟ ರೋಲರು ಕಚ್ಚಿಕೊಂಡಿತ್ತು. ನಾನು ಅದನ್ನು ಗಮನಿಸಲಿಲ್ಲ. ತಿರುಗದ ರೋಲರಿನ ಮೇಲೆ ಉಜ್ಜಿ ಉಜ್ಜಿ ಹೊಸ ದಾರ ನವೆದು, ಆ ವರ್ಷದ ಒಂದೇ ದೊಡ್ಡ ಮೀನು ದಡಕ್ಕೆ ಹತ್ತು ಮಾರು ಇರುವಾಗ ಕಡಿದುಕೊಂಡು ಹೋಯಿತು. ಅಕ್ಕನ ಮನೆಯವರೆಲ್ಲ ದಡದಲ್ಲಿ ನಿಂತು ನೋಡುತ್ತಿದ್ದರು! ಈಗ ಮನೆಗೆ ಬಂದ ಕೂಡಲೇ ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನು ನಲ್ಲಿಯಿಂದ ಮೆಲ್ಲಗೆ ಬಿಟ್ಟು ತೊಳೆಯುತ್ತೇನೆ. ನೀರನ್ನು ಜೋರಾಗಿ ಹಾರಿಸಿದರೆ ಉಪ್ಪು ಒಳಕ್ಕೇ ಹೋಗುತ್ತದೆ. ನೆರಳಲ್ಲಿ ಒಣಗಿಸಿ, ರೋಲರಿಗೂ ಹಿಡಿಕೆಯ ಗುಬುಟಿಗೂ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಹಾಕಿ, ಡ್ರ್ಯಾಗ್ ಸಡಿಲಿಸಿ ಇಡುತ್ತೇನೆ. ಐದು ನಿಮಿಷದ ಕೆಲಸ.

ಕೊಳ್ಳುವಾಗ ಬಿಲ್ಲು ಪಡೆದು, ಬಿಡಿ ಭಾಗ ಸಿಗುವುದೇ ಎಂದು ಕೇಳಿ. ಬೇಲ್ ತಂತಿಯ ಸ್ಪ್ರಿಂಗು ಸಿಗದಿದ್ದರೆ ಇಡೀ ರೀಲು ವ್ಯರ್ಥ. ಪ್ರತಿ ಸಲ ಎಸೆದ ಮೇಲೆ ಆ ತಂತಿಯನ್ನು ಕೈಯಿಂದಲೇ ಮುಚ್ಚುವ ರೂಢಿ ಮಾಡಿದರೆ ದಾರ ಮುರಿ ಬೀಳುವುದೂ ಕಡಿಮೆ.

ಕೊನೆಯದಾಗಿ ಮಳೆಗಾಲದ ಮಾತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಪೇಟೆಯಲ್ಲಿ ಮೀನು ದುಬಾರಿ. ಗಾಳ ಹಿಡಿದು ಹೊರಡುವ ಆಸೆ ಹುಟ್ಟುವುದೂ ಆಗಲೇ. ಆ ದಿನಗಳಲ್ಲಿ ತೆರೆದ ಕಡಲ ದಂಡೆಗಾಗಲಿ, ಅಳಿವೆ ಬಾಯಿಯ ಕಲ್ಲಿನ ತಡೆಗೋಡೆಗಾಗಲಿ ಹೋಗಕೂಡದು. ಪಾಚಿಗಟ್ಟಿದ ಕಲ್ಲಿನ ಮೇಲೆ ಒಂದು ದೊಡ್ಡ ಅಲೆ ಸಾಕು. ಊರಿನ ಹುಡುಗರಿಗೆ ರೀಲು ಕೊಡುವಾಗಲೇ ಇದನ್ನು ಹೇಳಿ ಕೊಡಿ. ನೆರೆ ಇಳಿದ ಮೇಲೆ ಒಳಹೊಳೆಯ ಗಟ್ಟಿ ದಂಡೆಯಿಂದ, ಭರತದ ನೀರು ಏರುವ ಹೊತ್ತಿಗೆ, ಅದೇ 4000ದ ರೀಲನ್ನು ಏಳಡಿ ಕೋಲಿಗೆ ಹಾಕಿ ಸಿಗಡಿ ಕಟ್ಟಿ ಬಿಟ್ಟರೆ ಮನೆಯ ಸಾರಿಗಾಗುವಷ್ಟು ಮೀನು ಸಿಕ್ಕೀತು. ಹತ್ತಡಿಯ ಕೋಲು ನವೆಂಬರಿನ ತನಕ ಸೂರಿನ ಕೆಳಗೇ ಇರಲಿ.