ಹಸಿರು ಚುಕ್ಕೆ ಹೇಳದ ಮಾತು

(ಪುಣೆಯಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಕ್ಷಮಾವಾಣಿ ಕೂಟದಲ್ಲಿ ಮಾಡಿದ ಭಾಷಣ)



ದಶಲಕ್ಷಣ ಪರ್ವವನ್ನು ಮುಗಿಸಿ ಇಂದು ನಾವು ಪರಸ್ಪರ ಕ್ಷಮೆ ಬೇಡುತ್ತಿದ್ದೇವೆ. ತಿಳಿದೋ ತಿಳಿಯದೆಯೋ ಮಾಡಿದ ತಪ್ಪುಗಳಿಗೆಲ್ಲ ಒಟ್ಟಾಗಿ ಕ್ಷಮೆ ಕೇಳುವುದು ಸುಲಭ. ನಾನು ಇಂದು ಒಂದೇ ತಪ್ಪನ್ನು ಬಿಡಿಸಿ ಹೇಳಿ, ಇಲ್ಲಿಯೇ ಕುಳಿತಿರುವ ನನ್ನ ಸೊಸೆಯ ಕ್ಷಮೆ ಕೇಳಬೇಕಾಗಿದೆ.

ಕಳೆದ ಸಂಕ್ರಾಂತಿಯಂದು ಹತ್ತು ತಿಂಗಳ ಮೊಮ್ಮಗನ ನಾಲಿಗೆಗೆ ಶೇಂಗಾ ಹೋಳಿಗೆಯ ಹೂರಣವನ್ನು ನಾನೇ ಸವರಿದೆ. ಕಾಲು ಗಂಟೆಯೊಳಗೆ ಬಾಯಿಯ ಸುತ್ತ ಕೆಂಪು ಗಂಧೆಗಳೆದ್ದವು, ತುಟಿ ಊದಿತು. ವೈದ್ಯರಲ್ಲಿಗೆ ಹೋಗೋಣವೆಂದಳು ಸೊಸೆ. "ಇದು ಪಿತ್ತ ತಾಯಿ, ತಾನಾಗಿ ಇಳಿಯುತ್ತದೆ. ನಮ್ಮ ಬೆಳಗಾವಿ ಕಡೆ ಶೇಂಗಾ ತಿಂದು ಕೆಟ್ಟವರುಂಟೇ?" ಎಂದೆ. ಸಂಜೆಗೆ ಗಂಧೆ ಇಳಿಯಿತು. ಹಿರಿಯನ ಮಾತು ಗೆದ್ದಿತು.

ಮೂರು ವಾರಗಳ ಬಳಿಕ ಒಂದು ಸಮಾರಂಭದ ಪಂಕ್ತಿಯಲ್ಲಿ, ಸೊಸೆ ಬೇಡವೆಂದರೂ, ಮಗುವಿಗೆ ಲಾಡುವಿನ ಚೂರನ್ನು ತಿನ್ನಿಸಿದೆ. ಅದರಲ್ಲಿ ಶೇಂಗಾ ಪುಡಿ ಇತ್ತು. ಹತ್ತು ನಿಮಿಷದಲ್ಲಿ ಮಗು ಮತ್ತೆ ಮತ್ತೆ ವಾಂತಿ ಮಾಡಿತು. ಉಸಿರಿನಲ್ಲಿ ಸಿಳ್ಳೆಯ ಸದ್ದು ಕೇಳಿತು. ತಾಯಿಯ ಹೆಗಲ ಮೇಲೆ ಜೋತುಬಿದ್ದಿತು. ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟ ಮೇಲೆಯೇ ಉಸಿರು ಹದಕ್ಕೆ ಬಂದದ್ದು. ಮಗು ಉಳಿಯಿತು.

ಅಂದು ನಾನು ಕಲಿತದ್ದನ್ನು ತಮ್ಮ ಮುಂದಿಡುತ್ತೇನೆ. ಆಹಾರದಲ್ಲಿನ ಪ್ರೋಟೀನನ್ನು ದೇಹದ ರಕ್ಷಣಾ ವ್ಯವಸ್ಥೆಯು ಶತ್ರುವೆಂದು ಭ್ರಮಿಸುವುದೇ ಅಲರ್ಜಿ. ಇಂಥ ಅಲರ್ಜಿಯ ಲಕ್ಷಣಗಳು ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ಗಂಟೆಗಳೊಳಗೆ ತೋರುತ್ತವೆ. ಮೊದಲ ಸಲ ಹಗುರವಾಗಿತ್ತೆಂದು ಮುಂದಿನದೂ ಹಗುರವಾಗಿರುತ್ತದೆಂದು ನಂಬುವಂತಿಲ್ಲ. ಗಂಧೆ ಮಾತ್ರ ಎದ್ದಿದ್ದರೂ ಆ ಆಹಾರವನ್ನು ನಿಲ್ಲಿಸಿ ಮಕ್ಕಳ ವೈದ್ಯರನ್ನು ಕಾಣಬೇಕು. ಉಸಿರು ಕಟ್ಟಿದರೆ, ವಾಂತಿ ನಿಲ್ಲದಿದ್ದರೆ, ಮಗು ಸೊರಗಿ ಜೋತುಬಿದ್ದರೆ ತಡಮಾಡದೆ 108 ಅಥವಾ 112ಕ್ಕೆ ಕರೆಮಾಡಬೇಕು. ಜೇನು, ತುಪ್ಪ ನೆಕ್ಕಿಸಕೂಡದು. ತುರಿಕೆಯ ಔಷಧವು ಉಸಿರನ್ನು ಬಿಡಿಸದು. ಆಗ ಪ್ರಾಣ ಕಾಯುವ ಮೊದಲ ಮದ್ದು ಅಡ್ರಿನಲಿನ್.

ಹಾಗೆಂದು ಎಲ್ಲ ಮಕ್ಕಳಿಗೂ ಎಲ್ಲವನ್ನೂ ನಿಷೇಧಿಸುವುದು ಉಪಾಯವಲ್ಲ. ಅಲರ್ಜಿಯ ಸಂಭವ ಹೆಚ್ಚಿದ್ದ 640 ಶಿಶುಗಳನ್ನು ಕುರಿತು ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ವರ್ಷದಿಂದಲೇ ಶೇಂಗಾ ತಿಂದ ಮಕ್ಕಳಲ್ಲಿ ಐದನೆಯ ವಯಸ್ಸಿಗೆ ಅದರ ಅಲರ್ಜಿ ಸುಮಾರು ಶೇ. 80ರಷ್ಟು ಕಡಿಮೆಯಿತ್ತು. ಆದರೆ ಕೊಡಬೇಕಾದದ್ದು ನುಣ್ಣಗೆ ಅರೆದು, ಇಡಿಯ ಕಾಳನ್ನಲ್ಲ. ತೀವ್ರ ಇಸುಬು ಇದ್ದ ಅಥವಾ ಒಮ್ಮೆ ಗಂಧೆಯೆದ್ದ ಮಗುವಿಗೆ ಕೊಡುವ ಮುನ್ನ ವೈದ್ಯರ ಸಲಹೆ ಬೇಕು. ಪರೀಕ್ಷಿಸಿ ನೋಡುವ ಹಕ್ಕು ಅಜ್ಜನಿಗಿಲ್ಲ.

ಬಂಧುಗಳೇ, ನಾವು ಪೊಟ್ಟಣದ ಮೇಲೆ ಹಸಿರು ಚುಕ್ಕೆಯನ್ನು ಹುಡುಕುತ್ತೇವೆ. ಗಡ್ಡೆಗೆಣಸು ಬಿದ್ದಿದೆಯೇ ಎಂದು ಅಡುಗೆಯವರನ್ನು ನಾಲ್ಕು ಸಲ ವಿಚಾರಿಸುತ್ತೇವೆ. ಅದನ್ನು ಧರ್ಮಶ್ರದ್ಧೆ ಎನ್ನುವ ನಾವೇ, ಒಬ್ಬ ತಾಯಿ "ಇದರಲ್ಲಿ ಶೇಂಗಾ ಇದೆಯೇ?" ಎಂದು ಕೇಳಿದರೆ ಅತಿಯಾಯಿತು ಎನ್ನುತ್ತೇವೆ. ಶೇಂಗಾ, ಗೋಡಂಬಿ, ಹಾಲು, ಸೋಯಾ ಇದ್ದರೆ ಪೊಟ್ಟಣದ ಮೇಲೆ ನಮೂದಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ನಮ್ಮ ಪಂಕ್ತಿಯ ಕೋಸಂಬರಿಗೆ, ಪಲ್ಯಕ್ಕೆ, ಲಾಡುವಿಗೆ ಅಂಥ ಚೀಟಿಯಿಲ್ಲ. ಮುಂದಿನ ಕೂಟದಿಂದ ಊಟದ ಮನೆಯ ಬಾಗಿಲಲ್ಲಿ ಒಂದು ಹಲಗೆಯಿಟ್ಟು, ಯಾವ ಪದಾರ್ಥದಲ್ಲಿ ಏನೇನಿದೆಯೆಂದು ಬರೆಯೋಣ. ತಾಯಿಯನ್ನು ಕೇಳದೆ ಯಾರ ಮಗುವಿನ ಬಾಯಿಗೂ ಪ್ರಸಾದವನ್ನೂ ಇಡದಿರೋಣ. ನಮ್ಮ ಆಹಾರದಾನವು ಆ ಮಗುವಿಗೆ ಅಭಯದಾನವೂ ಆಗಲಿ.

ಪ್ರಮಾದವೇ ಹಿಂಸೆಯ ಬೇರು ಎಂದು ಬಾಲ್ಯದಿಂದ ಕೇಳುತ್ತ ಬಂದವನು ನಾನು. ಪ್ರೀತಿಯಿಂದ ನೀಡಿದ ತುತ್ತಿನಲ್ಲಿಯೂ ಪ್ರಮಾದ ಅಡಗಿರಬಹುದೆಂದು ತಿಳಿಯಲು ಎಪ್ಪತ್ತು ವರ್ಷ ಬೇಕಾಯಿತು.

ತಾಯಿ, ಅಂದು ನಿನ್ನ ಕಣ್ಣಿಗೆ ಕಂಡದ್ದು ನನಗೂ ಕಂಡಿತ್ತು, ಒಪ್ಪಿಕೊಳ್ಳಲಿಲ್ಲ. ನನ್ನನ್ನು ಕ್ಷಮಿಸು.