ನೈಸ್ ಎಂಬ ಒಂದು ಪದ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)



ಇಂಗ್ಲಿಷ್ ಮೇಷ್ಟ್ರಾಗಿರುವ ನನಗೆ ಇಂಗ್ಲಿಷ್ ಬಗ್ಗೆಯೇ ಮಾತಾಡಲು ಹೇಳಿದ್ದಾರೆ. ಇಡೀ ಭಾಷೆ ಬೇಡ, ಒಂದು ಪದ ಸಾಕು: ನೈಸ್. ಶಾಲೆಯ ಮೆಟ್ಟಿಲು ಹತ್ತದವರಿಗೂ ಇದು ಗೊತ್ತು. ದೋಸೆ ಹಿಟ್ಟನ್ನು ನೈಸಾಗಿ ರುಬ್ಬುತ್ತೇವೆ. ಕೆಲಸ ಬಂದಾಗ ಒಬ್ಬ ನೈಸಾಗಿ ಜಾರಿಕೊಳ್ಳುತ್ತಾನೆ. ಸಾಲ ಬೇಕಾದವನು ಬಂದು ನೈಸ್ ಮಾಡುತ್ತಾನೆ. ಪದ ಅವರದು, ಈ ನುಣುಪು ನಮ್ಮದು.

ಇದರ ಮೂಲ ಲ್ಯಾಟಿನ್ನಿನ 'ನೆಸ್ಕಿಯಸ್'. ಅಂದರೆ ಏನೂ ಅರಿಯದವನು. ಫ್ರೆಂಚ್ ದಾಟಿ ಸುಮಾರು 700 ವರ್ಷಗಳ ಹಿಂದೆ ಇಂಗ್ಲಿಷಿಗೆ ಬಂದಾಗ ಇದರ ಅರ್ಥ 'ದಡ್ಡ'! ಆಮೇಲೆ ಅತಿ ನಾಜೂಕು ಎಂದಾಯಿತು, ಸೂಕ್ಷ್ಮ ಎಂದಾಯಿತು. ಹಿತವಾದದ್ದು ಎಂಬ ಅರ್ಥ ನೆಲೆಯೂರಿದ್ದು 18ನೇ ಶತಮಾನದಲ್ಲಿ. 'ಎ ನೈಸ್ ಡಿಸ್ಟಿಂಕ್ಷನ್' ಎಂದರೆ ಇಂದಿಗೂ ಸೂಕ್ಷ್ಮವಾದ ವ್ಯತ್ಯಾಸ. ಮಕ್ಕಳೇ, ಅದು ಎಸ್ಸೆಸ್ಸೆಲ್ಸಿಯ ಡಿಸ್ಟಿಂಕ್ಷನ್ ಅಲ್ಲ.

ಎಲ್ಲದಕ್ಕೂ ನೈಸ್ ಎನ್ನುವ ಚಾಳಿ ಹಳೆಯದು. 1817ರ ಕೊನೆಗೆ ಹೊರಬಂದ ಜೇನ್ ಆಸ್ಟಿನ್ನರ 'ನಾರ್ಥ್ಯಾಂಗರ್ ಅಬ್ಬಿ' ಕಾದಂಬರಿಯಲ್ಲಿ ನಾಯಕ ಇದೇ ಪದ ಹಿಡಿದು ನಾಯಕಿಯನ್ನು ಛೇಡಿಸುತ್ತಾನೆ. ನಮ್ಮ ಮಕ್ಕಳ ಪ್ರಬಂಧದಲ್ಲೂ ಊರು ನೈಸ್, ಶಾಲೆ ನೈಸ್, ಹಸು ನೈಸ್. ಕನ್ನಡದಲ್ಲಿ ನೀವು ಹಾಗೆ ಬರೆಯುವುದಿಲ್ಲ. ಹಾಡು ಇಂಪು, ಗಾಳಿ ತಂಪು, ಹೂವು ಕಂಪು, ಊಟ ರುಚಿ. ಇಂಗ್ಲಿಷಿನಲ್ಲೂ ಸ್ವೀಟ್, ಕೂಲ್, ಫ್ರೇಗ್ರೆಂಟ್, ಟೇಸ್ಟಿ ಇವೆ. ಮೊದಲು ಕನ್ನಡದಲ್ಲಿ ಸರಿಯಾಗಿ ನೋಡಿ, ಆಮೇಲೆ ಇಂಗ್ಲಿಷ್ ಪದ ಹುಡುಕಿ. ಭಯ ಅರ್ಧ ಕಡಿಮೆಯಾಗುತ್ತದೆ.

ಶಿಕ್ಷಕ ಮಿತ್ರರಲ್ಲೂ ಒಂದು ವಿನಂತಿ. ನೋಟ್‌ಬುಕ್ಕಿನಲ್ಲಿ ಬರೀ 'ನೈಸ್' ಎಂದು ಬರೆದರೆ ಮಗುವಿಗೆ ಏನೂ ತಿಳಿಯದು. 'ಮಳೆಯ ಬಗ್ಗೆ ಬರೆದ ವಾಕ್ಯ ಚೆನ್ನಾಗಿದೆ' ಎಂದರೆ ಅದು ಇನ್ನೊಂದು ವಾಕ್ಯ ಬರೆಯುತ್ತದೆ.

ಇಂಗ್ಲಿಷ್ ಒಂದರಲ್ಲೇ ಫೇಲಾಗಿ ಓದು ಬಿಟ್ಟವರು ನನ್ನ ತರಗತಿಯಲ್ಲಿದ್ದರು. 'ದಡ್ಡ' ಎನಿಸಿಕೊಂಡ ಅವರಲ್ಲಿ ಒಬ್ಬರು ಈ ಶಾಮಿಯಾನ ಹಾಕಿಸಿದ್ದಾರೆ, ಇನ್ನೊಬ್ಬರು ಇಂದಿನ ಊಟಕ್ಕೆ ಅಕ್ಕಿ ಕೊಟ್ಟಿದ್ದಾರೆ. ದಡ್ಡ ಎಂಬ ಅರ್ಥ ಹೊತ್ತು ಬಂದ ಪದವೇ ಮೆಚ್ಚುಗೆಯ ಮಾತಾಗಿರುವಾಗ, ಹದಿನೈದು ವರ್ಷದ ಮಗುವಿಗೆ ಆ ಹಣೆಪಟ್ಟಿ ಅಂಟಿಸಲು ನಮಗೇನು ಅವಸರ?