ಸಣ್ಣ ಕತೆಯಲ್ಲಿ ಅಪರಾಧಿ

ಧಾರವಾಡದ ನ್ಯಾಯಾಲಯದಲ್ಲಿ ಖಟ್ಲೆಯೊಂದು ನಡೆಯುತ್ತಿರುವಾಗ ಹೋಗಿ ಕುಳಿತರೆ, ಏನು ನಡೆಯಿತು, ಎಂದು ನಡೆಯಿತು, ಕಂಡವರಾರು ಎಂಬ ಪ್ರಶ್ನೆಗಳೇ ಕಿವಿಗೆ ಬೀಳುವುವು. ಆ ಕೃತ್ಯಕ್ಕೆ ಮುಂಚಿನ ಇರುಳುಗಳನ್ನು ಆಪಾದಿತನು ಹೇಗೆ ಕಳೆದನೆಂದು ವಿಚಾರಿಸಲು ಅಲ್ಲಿ ಅವಕಾಶ ಕಡಮೆ. ಸಣ್ಣ ಕತೆಯು ಕೈಹಾಕುವುದು ಆ ಇರುಳುಗಳಿಗೇ.

ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ನೋಡೋಣ. 1963ರಲ್ಲಿ ‘ಪ್ರಶ್ನೆ’ ಎಂಬ ಸಂಕಲನದಲ್ಲಿ ಬಂದ ಕತೆಯಿದು. ಅಗ್ರಹಾರದಲ್ಲಿ ವೇದಪಾಠ ಹೇಳುವ ಉಡುಪರ ಮಗಳು ಯಮುನಕ್ಕ ವಿಧವೆ. ಶಾಲೆಯ ಮೇಷ್ಟರಿಂದ ಬಸುರಾಗಿ, ಗುಟ್ಟಾಗಿ ಗರ್ಭವನ್ನು ತೆಗೆಸಿಕೊಳ್ಳುತ್ತಾಳೆ. ಆ ಕಾಲಕ್ಕೆ ಭಾರತೀಯ ದಂಡ ಸಂಹಿತೆಯ 312ನೆಯ ಕಲಮಿನಂತೆ ಇದು ಅಪರಾಧ. ಕೆಲವು ಸಂದರ್ಭಗಳಲ್ಲಿ ವೈದ್ಯರಿಗೆ ಅನುಮತಿಯನ್ನಿತ್ತ ಕಾಯಿದೆ ಬಂದುದು 1971ರಲ್ಲಿ. ಆದರೆ ಯಮುನಕ್ಕನ ಭಯವು ಸರಕಾರದ ಕೋರ್ಟಿನದಲ್ಲ, ಅಗ್ರಹಾರದ ನಾಲಗೆಯದು. ಹೊರಗಿನ ಘರ್ಷಣೆ ಅಷ್ಟು ಸ್ಪಷ್ಟ. ಒಳಗಿನದು? ಲೇಖಕರು ಅವಳ ಮನಸ್ಸಿನೊಳಕ್ಕೆ ನಮ್ಮನ್ನು ಒಯ್ಯುವುದೇ ಇಲ್ಲ. ಕತೆಯನ್ನು ಹೇಳುವವನು ಪಾಠಶಾಲೆಯ ಪುಟ್ಟ ಹುಡುಗ. ಅವನಿಗೆ ಕಾಣುವುದು ಹುತ್ತದೊಳಕ್ಕೆ ಹೋದ ಅವಳ ಕೈ. ಉಳಿದುದನ್ನು ನಾವೇ ತಿಳಿದುಕೊಳ್ಳಬೇಕು.

ನಮ್ಮನ್ನು ಹೆಚ್ಚಾಗಿ ಕಾಡುವವರು ಉಡುಪರು. ಬದುಕಿರುವ ಮಗಳಿಗೆ ಶ್ರಾದ್ಧವನ್ನು ಮಾಡಿ ಘಟವನ್ನೊಡೆಯುವ ತಂದೆಗೆ ಯಾವ ಕಲಮೂ ತಗಲದು. ಮೇಷ್ಟರ ಹೆಸರಿನಲ್ಲಂತೂ ಯಾವ ಗಡಿಗೆಯೂ ಒಡೆಯಲಿಲ್ಲ! ತಂದೆಯ ಕರುಳಿಗೂ ಶಾಸ್ತ್ರಜ್ಞನ ಬುದ್ಧಿಗೂ ಹೋರಾಟ ನಡೆಯಿತೆ? ಕತೆ ಬಾಯಿಬಿಡುವುದಿಲ್ಲ. ಇದೊಂದು ಕುಂದೆಂದು ನಾವು ಮೊದಲು ತರಗತಿಯಲ್ಲಿ ಹೇಳುತ್ತಿದ್ದುದುಂಟು. ಮ್ಯಾಕ್‌ಬೆತ್ತನ ಸ್ವಗತಗಳನ್ನು ಪಾಠಮಾಡಿ ರೂಢಿಯಾದವರಿಗೆ ಹಾಗೆ ತೋರುವುದು ಸಹಜ. ಈಗ ಹಾಗೆನಿಸದು. ಉಡುಪರಿಗೆ ಒಂದು ಸ್ವಗತವನ್ನು ಕೊಟ್ಟಿದ್ದರೆ ನಾವು ಅವರನ್ನು ಕ್ಷಮಿಸಿಬಿಡುತ್ತಿದ್ದೆವು, ಯಮುನಕ್ಕ ಮರೆತುಹೋಗುತ್ತಿದ್ದಳು.

ದೇವನೂರ ಮಹಾದೇವರ ‘ಒಡಲಾಳ’ದ ರೀತಿ ಬೇರೆ. ಅದು ಸಣ್ಣ ಕತೆಗಿಂತ ತುಸು ದೀರ್ಘವಾದುದು, ಇರಲಿ. ಸಾಹುಕಾರನಿಂದ ಕದ್ದು ತಂದ ಕಡಲೆಕಾಯಿಯನ್ನು (ನಮ್ಮ ಕಡೆ ಶೇಂಗಾ ಎನ್ನುತ್ತೇವೆ) ಸಾಕವ್ವನ ಮನೆಯವರೆಲ್ಲ ಒಟ್ಟಿಗೆ ಕುಳಿತು ರಾತ್ರಿಯಲ್ಲೇ ತಿಂದು ಮುಗಿಸುತ್ತಾರೆ. ಅಲ್ಲಿ ಮನಸ್ಸಾಕ್ಷಿಯ ತೊಳಲಾಟವಿಲ್ಲ, ಹಬ್ಬದ ಸಂಭ್ರಮವಿದೆ. ಬೆಳಗಾದರೆ ಪೋಲೀಸರು.

ಇದನ್ನು ಪಾಠ ಹೇಳಿದ ದಿನ ವಿದ್ಯಾರ್ಥಿಯೊಬ್ಬನು, ಹಸಿವೆಂಬುದು ಹೊರಗಿನ ಘರ್ಷಣೆಯೋ ಒಳಗಿನದೋ ಎಂದು ಕೇಳಿದನು. ಪರೀಕ್ಷೆಯಲ್ಲಿ ಏನು ಬರೆಯಬೇಕೆಂಬುದನ್ನು ಹೇಳಿಕೊಟ್ಟೆವು. ಅವನು ಕೇಳಿದುದು ಅದನ್ನಲ್ಲ.